ಥರ್ಮಾಮೀಟರ್ ನಿಂತಲ್ಲೇ ನಿಂತಿದೆ, ಬೆಂಕಿಯ ಬಿಸಿ ಎಲ್ಲಿಗೆ ಹೋಗುತ್ತಿದೆ?

ಮಂಜುಗಡ್ಡೆ_ಅಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹತ್ತು ವರ್ಷ. ಘನ, ದ್ರವ, ಅನಿಲದ ಪಾಠ ಆದಾಗಿನಿಂದ ಪ್ರಯೋಗ ಮಾಡಲೇಬೇಕು ಅಂತ ಹಠ ಹಿಡಿದಿದ್ದಳು. ಭಾನುವಾರ ಮಾಡಿಯೇ ಬಿಟ್ಟೆವು. 200 ಗ್ರಾಂ ಮಂಜುಗಡ್ಡೆ ಕುಟ್ಟಿ ಸ್ಟೀಲ್ ಪಾತ್ರೆಗೆ ಹಾಕಿ, ತೀರಾ ಸಣ್ಣ ಉರಿಯಲ್ಲಿ ಇಟ್ಟೆವು. ನಾನು ಚಮಚದಲ್ಲಿ ತಿರುವುತ್ತಿದ್ದೆ. ಅವಳು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಓದಿ ಬರೆದುಕೊಳ್ಳುತ್ತಿದ್ದಳು.

ನೋಟ್‌ಬುಕ್ಕಿನಲ್ಲಿ ಹೀಗಿದೆ: 0, 0, 0, 0. ನಾಲ್ಕನೇ ಸೊನ್ನೆ ಬರೆದವಳು ಪೆನ್ಸಿಲ್ ಕೆಳಗಿಟ್ಟು, "ಅಪ್ಪಾ, ಇದು ನಿದ್ದೆ ಹೊಡೀತಿದೆ" ಅಂದಳು. ಥರ್ಮಾಮೀಟರ್ ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ನೋಡಿದಳು, ಸರಸರ ಏರಿತು. ಪಾತ್ರೆಗೆ ಇಳಿಸಿದರೆ ಮತ್ತೆ ಸೊನ್ನೆ! ಒಟ್ಟು 8 ನಿಮಿಷ ಹಾಗೇ ಇತ್ತು. ಕೊನೆಯ ಚೂರು ಕರಗಿದ ಮೇಲೆ ಏರತೊಡಗಿತು. 11 ನಿಮಿಷದಲ್ಲಿ 98 ಮುಟ್ಟಿತು, ಅಲ್ಲಿ ಮತ್ತೆ ನಿದ್ದೆ. ನೀರು ಕೊತಕೊತ ಕುದಿಯುತ್ತಿದೆ, ಥರ್ಮಾಮೀಟರ್ ಮಾತ್ರ ಅಲುಗಾಡುತ್ತಿಲ್ಲ.

ಉರಿ ಒಂದೇ ಸಮ ಇತ್ತು. ಹಾಗಾದರೆ ಆ ಬಿಸಿ ಎಲ್ಲಿಗೆ ಹೋಯಿತು? 100 ಇರಬೇಕಾದದ್ದು 98 ಯಾಕೆ?

ಅವಳದ್ದೇ ಇನ್ನೊಂದು ಪ್ರಶ್ನೆ. ಘನ, ದ್ರವ, ಅನಿಲ ಆದ ಮೇಲೆ ನಾಲ್ಕನೆಯ ಸ್ಥಿತಿ ಪ್ಲಾಸ್ಮಾ, ಅದು ಸೂರ್ಯನಲ್ಲೂ ಇದೆ, ಟ್ಯೂಬ್‌ಲೈಟಿನಲ್ಲೂ ಇದೆ ಅಂತ ಓದಿದ್ದಾಳೆ. "ಹಾಗಿದ್ರೆ ಟ್ಯೂಬ್ ಯಾಕೆ ಕರಗಲ್ಲ?" ಅಂತ ಎರಡು ದಿನದಿಂದ ಬೆನ್ನು ಬಿದ್ದಿದ್ದಾಳೆ.

ಲ್ಯಾಬ್_ಅಕ್ಕ:

ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಇಪ್ಪತ್ತೆರಡು ವರ್ಷ ಭೌತಶಾಸ್ತ್ರದ ಲ್ಯಾಬ್ ನೋಡಿಕೊಂಡವಳು ನಾನು. ಸೊನ್ನೆ ಕಂಡ ತಕ್ಷಣ ಥರ್ಮಾಮೀಟರ್ ಮೇಲೆ ಅನುಮಾನ ಪಟ್ಟು, ಅದನ್ನೇ ಪರೀಕ್ಷೆ ಮಾಡಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು.

ಥರ್ಮಾಮೀಟರ್ ಹೇಳುವುದು ಅಣುಗಳು ಎಷ್ಟು ಜೋರಾಗಿ ಓಡಾಡುತ್ತಿವೆ ಅನ್ನುವುದನ್ನು ಮಾತ್ರ. ಮಂಜುಗಡ್ಡೆಯಲ್ಲಿ ಅಣುಗಳು ಒಂದನ್ನೊಂದು ಹಿಡಿದುಕೊಂಡು ಜಾಗ ಬಿಡದೆ ನಡುಗುತ್ತಿರುತ್ತವೆ. 0 ಡಿಗ್ರಿಯಲ್ಲಿ ನೀವು ಕೊಟ್ಟ ಬಿಸಿ ಆ ಹಿಡಿತ ಸಡಿಲಿಸಲು ಖರ್ಚಾಯಿತು, ಓಟ ಹೆಚ್ಚಿಸಲು ಅಲ್ಲ. ಅದಕ್ಕೇ ಅದು ಥರ್ಮಾಮೀಟರಿಗೆ ಕಾಣಲಿಲ್ಲ. ಇದನ್ನು ಗುಪ್ತೋಷ್ಣ ಅಂತಾರೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು. ಅವರ ತರ್ಕ ನನಗೆ ಬಹಳ ಇಷ್ಟ: ಕರಗಲು ಇಷ್ಟೊಂದು ಬಿಸಿ ಬೇಡದೇ ಇದ್ದಿದ್ದರೆ, ಸ್ವಲ್ಪ ಬಿಸಿಲು ಬಂದ ಕೂಡಲೇ ಬೆಟ್ಟದ ಹಿಮವೆಲ್ಲ ಒಂದೇ ಏಟಿಗೆ ನೀರಾಗಿ ಪ್ರವಾಹ ಬಂದುಬಿಡುತ್ತಿತ್ತು.

ಈಗ ನಿಮ್ಮ ಮಗಳ ಲೆಕ್ಕಕ್ಕೆ ಬರೋಣ. 1 ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಬೇಕು. ಅದೇ 1 ಗ್ರಾಂ ನೀರು 0ಯಿಂದ 98ಕ್ಕೆ ಏರಲು ಸುಮಾರು 410 ಜೂಲ್. ಮೊದಲನೆಯದಕ್ಕೆ 8 ನಿಮಿಷ ಆದರೆ ಎರಡನೆಯದಕ್ಕೆ 10 ನಿಮಿಷ ಆಗಬೇಕಿತ್ತು. ನಿಮಗೆ 11 ಆಗಿದೆ. ಆ ಒಂದು ನಿಮಿಷದ ಬಿಸಿ ಸುತ್ತಲಿನ ಗಾಳಿಗೆ ಹೋಗಿದೆ ಅಷ್ಟೇ. ಅಡುಗೆಮನೆಯ ಸ್ಟವ್ ಮೇಲೆ ಇಷ್ಟು ಹತ್ತಿರ ಬಂದಿದೆಯಲ್ಲ, ಓದಿ ನನಗೆ ನಿಜವಾಗಿ ಖುಷಿಯಾಯಿತು.

98 ತಪ್ಪಲ್ಲ, ನಿಮ್ಮ ಊರು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರಿಗೆ ಹಬೆಯಾಗುವುದು ಸುಲಭ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ.

ಕುದಿಯುವುದಕ್ಕೆ ಬೇಕಾಗುವ ಬಿಸಿ ಇನ್ನೂ ಜಾಸ್ತಿ: ಗ್ರಾಂಗೆ ಸುಮಾರು 2,256 ಜೂಲ್. ಕರಗುವಾಗ ಹಿಡಿತ ಸಡಿಲವಾದರೆ ಸಾಕು, ಇಲ್ಲಿ ಪೂರ್ತಿ ಬಿಡಿಸಿಕೊಂಡು ಹೋಗಬೇಕು. ನಿಮ್ಮ ಉರಿಯಲ್ಲಿ ಆ ನೀರೆಲ್ಲ ಆರಲು 54 ನಿಮಿಷಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಒಂದು ಎಚ್ಚರಿಕೆ: ಹಬೆ ಚರ್ಮಕ್ಕೆ ತಾಗಿ ನೀರಾದರೆ ಆ 2,256 ಜೂಲನ್ನೂ ಅಲ್ಲೇ ಬಿಟ್ಟುಕೊಡುತ್ತದೆ. ಒಮ್ಮೆ ಫ್ಲಾಸ್ಕಿನ ಬಾಯಿಗೆ ಮಣಿಕಟ್ಟು ತಾಗಿ ಹದಿನೈದು ದಿನ ಅನುಭವಿಸಿದ್ದೇನೆ, ಕಲೆ ಇನ್ನೂ ಇದೆ. ಕೆಟಲಿನ ಮೂತಿ ದೂರದಿಂದಲೇ ನೋಡಲಿ. ಮೂತಿಗೂ ಬಿಳಿ ಹೊಗೆಗೂ ನಡುವೆ ಏನೂ ಇಲ್ಲದಂತೆ ಕಾಣುವ ಒಂದು ಬೆರಳಗಲ ಜಾಗ ಇರುತ್ತದೆ. ನಿಜವಾದ ಹಬೆ ಇರುವುದು ಅಲ್ಲೇ! ಬೆಳ್ಳಗೆ ಕಾಣುವುದು ತಣ್ಣಗಾಗಿ ಹನಿಯಾದ ನೀರು.

ಇನ್ನು ಪ್ಲಾಸ್ಮಾ. ಇದು ಬೇರೆಯದೇ ಜಾತಿಯ ಬದಲಾವಣೆ. ಇಲ್ಲಿಯವರೆಗೆ ಅಣುಗಳು ಒಂದರಿಂದ ಒಂದು ದೂರವಾದವು, ಒಳಗೆ ಏನೂ ಕೆಡಲಿಲ್ಲ. ಹಬೆಯನ್ನು ಕಾಯಿಸುತ್ತಾ ಹೋದರೆ ಮೊದಲು ನೀರಿನ ಅಣುವೇ ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತದೆ. ಆಮೇಲೆ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಬರುತ್ತದೆ. ಅಲ್ಲಿಗೆ ಅದು ನೀರಾಗಿ ಉಳಿದಿರುವುದಿಲ್ಲ. ಒಂದು ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು, ಒಂದು ನೀರಿನ ಅಣುವನ್ನು ಹಬೆಯಾಗಿಸಲು ಬೇಕಾದುದಕ್ಕಿಂತ ಸುಮಾರು 30 ಪಟ್ಟು ಶಕ್ತಿ ಬೇಕು. ಇಲ್ಲಿ ಥರ್ಮಾಮೀಟರ್ "ನಿದ್ದೆ" ಮಾಡುವ ಜಾಗವೂ ಇಲ್ಲ. ಮೊದಲು ಕೆಲವು ಪರಮಾಣು, ಆಮೇಲೆ ಇನ್ನಷ್ಟು, ಹಾಗೆ ನಿಧಾನಕ್ಕೆ ಆಗುತ್ತಾ ಹೋಗುತ್ತದೆ. 1928ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಹೀಗೆ ಎಲೆಕ್ಟ್ರಾನ್ ಕಳಚಿದ ಅನಿಲಕ್ಕೆ ಪ್ಲಾಸ್ಮಾ ಅಂತ ಹೆಸರಿಟ್ಟರು. ರಕ್ತದ ಪ್ಲಾಸ್ಮಾ ಬೇರೆ, ಇದು ಬೇರೆ, ಮಕ್ಕಳು ಖಂಡಿತ ಕೇಳುತ್ತಾರೆ.

ಟ್ಯೂಬ್ ಕರಗದಿರುವುದು ಯಾಕೆ? ಅಲ್ಲಿ ಎಲೆಕ್ಟ್ರಾನ್ ಕೀಳುವುದು ಕರೆಂಟು, ಬೆಂಕಿಯಲ್ಲ. (ಹಳೇ ತರಹದ ಟ್ಯೂಬ್‌ಲೈಟ್ ಬಗ್ಗೆ ಹೇಳುತ್ತಿದ್ದೇನೆ, ಎಲ್‌ಇಡಿ ಅಲ್ಲ.) ಒಳಗಿನ ಎಲೆಕ್ಟ್ರಾನ್‌ಗಳ ಬಿಸಿ ಸುಮಾರು 10,000 ಡಿಗ್ರಿ. ಆದರೆ ಅವು ತೀರಾ ಹಗುರ, ಒಳಗಿನ ಅನಿಲವೂ ತೀರಾ ವಿರಳ. ಡಿಕ್ಕಿ ಹೊಡೆದರೂ ಭಾರದ ಪರಮಾಣುಗಳಿಗೆ ಬಿಸಿ ದಾಟುವುದೇ ಇಲ್ಲ ಅನ್ನುವಷ್ಟು ಕಡಿಮೆ. ಗಾಜು ಬರೀ ಬೆಚ್ಚಗಾಗುತ್ತದೆ.

ಆರ್ಕ್_ಅಣ್ಣ:

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ವೆಲ್ಡಿಂಗ್ ಕೆಲಸದವನು, ದಿನವಿಡೀ ನನ್ನ ಎದುರಿಗಿರುವುದೇ ಪ್ಲಾಸ್ಮಾ. ಆರ್ಕ್ (ವೆಲ್ಡಿಂಗ್ ಕಡ್ಡಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕರೆಂಟಿನ ಕಿಡಿ) ಒಳಗಿನ ಬಿಸಿ ಸೂರ್ಯನ ಮೇಲ್ಮೈಯ 5,500 ಡಿಗ್ರಿಯನ್ನೂ ಮೀರುತ್ತದೆ. ಇದು ಟ್ಯೂಬ್ ತರಹ ಅಲ್ಲ, ಇಲ್ಲಿ ಅನಿಲ ದಟ್ಟ. ಡಿಕ್ಕಿ ಜಾಸ್ತಿ, ಬಿಸಿ ಎಲ್ಲಕ್ಕೂ ಹಂಚಿಹೋಗುತ್ತದೆ, ಕಬ್ಬಿಣ ನೀರಾಗುತ್ತದೆ.

ಇನ್ನೊಂದು ಮಜಾ ಇದೆ. ಪ್ಲಾಸ್ಮಾದಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಆಯಸ್ಕಾಂತದ ಮಾತು ಕೇಳುತ್ತದೆ. ಡಿಸಿ ಮಷೀನಿನಲ್ಲಿ ಕೆಲಸ ಮಾಡುವಾಗ ಕಬ್ಬಿಣದಲ್ಲಿ ಆಯಸ್ಕಾಂತದ ಗುಣ ಉಳಿದಿದ್ದರೆ ಆರ್ಕ್ ನೇರ ನಿಲ್ಲುವುದೇ ಇಲ್ಲ. ಗಾಳಿಗೆ ಸಿಕ್ಕ ದೀಪದ ಹಾಗೆ ಪಕ್ಕಕ್ಕೆ ವಾಲುತ್ತದೆ. ಇದಕ್ಕೆ ಆರ್ಕ್ ಬ್ಲೋ ಅಂತೀವಿ. ಮೊದಲ ಸಲ ಆದಾಗ ಅರ್ಧ ದಿನ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ ನೋಡಿದ್ದೆ.

ಮಂಜುಗಡ್ಡೆ_ಅಪ್ಪ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಂಜೆ ಮತ್ತೆ ಮಾಡಿದೆವು. ಅದೇ 200 ಗ್ರಾಂ, ಅದೇ ಉರಿ. ಕುದಿ ಬಂದ ಮೇಲೆ ಸರಿಯಾಗಿ 30 ನಿಮಿಷ ಬಿಟ್ಟು, ಆರಿಸಿ ಅಳೆದರೆ 110 ಮಿಲಿಲೀಟರ್ ಉಳಿದಿತ್ತು. ಅರ್ಧ ಗಂಟೆಗೆ ಸುಮಾರು 90 ಹೋಗಿದೆ, ಅಂದರೆ ಪೂರ್ತಿ ಆರಲು ಅಕ್ಕ ಹೇಳಿದ ಹಾಗೆ 54 ನಿಮಿಷಕ್ಕಿಂತ ಜಾಸ್ತಿಯೇ ಬೇಕು. ನೋಟ್‌ಬುಕ್ಕಿನಲ್ಲಿ "ನಿದ್ದೆ" ಅಂತ ಬರೆದಿದ್ದ ಕಡೆಯೆಲ್ಲ ಗೀಟು ಹಾಕಿ "ಕೆಲಸದಲ್ಲಿದೆ" ಅಂತ ತಿದ್ದಿದ್ದಾಳೆ.

ಆರ್ಕ್ ಅಣ್ಣನ ಮಾತು ಓದಿದ್ದೇ ತಡ, ಫ್ರಿಜ್ ಬಾಗಿಲಿನ ಆಯಸ್ಕಾಂತ ಕಿತ್ತುಕೊಂಡು ಟ್ಯೂಬ್‌ಲೈಟ್ ಕೆಳಗೆ ಸ್ಟೂಲ್ ಹಾಕಿದ್ದಾಳೆ. ಬಿಡಲಾ?

ಲ್ಯಾಬ್_ಅಕ್ಕ:

ಬೇಡ ಬೇಡ, ಇಳಿಸಿ! ಆ ಆಯಸ್ಕಾಂತಕ್ಕೆ ಅಷ್ಟು ಬಲ ಇಲ್ಲ. ಟ್ಯೂಬ್ ಒಳಗೆ ಪಾದರಸದ ಆವಿ ಇರುತ್ತದೆ, ಒಡೆದರೆ ಕಷ್ಟ. ಅದರ ಬದಲು ಫ್ರೀಜರಿನಲ್ಲಿ ಒಂದು ಮಂಜುಗಡ್ಡೆ ಮುಚ್ಚದೆ ಇಟ್ಟು, ವಾರಕ್ಕೊಮ್ಮೆ ತೂಕ ಹಾಕಿ ಬರೆಯಲಿ. ಒಂದು ಹನಿಯೂ ಕರಗದೆ ಅದು ಸಣ್ಣಗಾಗುತ್ತಾ ಹೋಗುತ್ತದೆ. ಘನದಿಂದ ಸೀದಾ ಅನಿಲ, ಮಧ್ಯೆ ದ್ರವವೇ ಇಲ್ಲ. ಒಂದು ತಿಂಗಳ ಲೆಕ್ಕ ಆದ ಮೇಲೆ ಇಲ್ಲಿ ಹಾಕಿ, ನಾನು ಕಾಯುತ್ತಿರುತ್ತೇನೆ.