ಚಿಕ್ಕಮ್ಮಾ, ಮೊದಲು ತಾರೀಕು ನೋಡಿ

ಚಿಕ್ಕಮ್ಮಾ, ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಡೊಂಬಿವಲಿ ಸ್ಟೇಷನ್ನಿನಲ್ಲಿದ್ದೇನೆ, ಹಿಂದೆ ಗಲಾಟೆ ಇರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಬೆಳಿಗ್ಗೆ ಗ್ರೂಪಿನಲ್ಲಿ ನೀವು ಕೇಳಿದ್ದು ನೋಡಿದೆ. ಮಗಳ ಬಾಣಂತನಕ್ಕೆ ನೀವಿಬ್ಬರೂ 28ಕ್ಕೆ ಕೀನ್ಯಾದ ನೈರೋಬಿಗೆ ಹೊರಟಿದ್ದೀರಿ, ಯೆಲ್ಲೋ ಫೀವರ್, ಅಂದರೆ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಇಂಜೆಕ್ಷನ್ ಹೊರಡುವ ಮೂರು ದಿನ ಮುಂಚೆ ಹಾಕಿಸಿಕೊಂಡರೆ ಸಾಕಾ ಅಂತ. ಸಾಲದು. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲೇ ಲಸಿಕೆ ಹಾಕಿಸಿದ್ದಕ್ಕೆ ಸರ್ಟಿಫಿಕೇಟ್ ಅಂತ ಕೊಡುವ ಆ ಹಳದಿ ಪುಸ್ತಕಕ್ಕೆ ಬೆಲೆ. ಇವತ್ತು 14. ಅಂದರೆ 18ರ ಒಳಗೆ ಆಗಬೇಕು, ನಡುವೆ ಒಂದು ಭಾನುವಾರ ಬೇರೆ. ಚಕ್ಕುಲಿ, ಅಂಟಿನುಂಡೆ, ಶುಂಠಿಪುಡಿ ಎಲ್ಲ ಆಮೇಲೆ ಮಾಡಿ.

ಇದು ನಮ್ಮ ಮೂಲೆ ಮೆಡಿಕಲ್ ಅಂಗಡಿಯಲ್ಲೋ ಫ್ಯಾಮಿಲಿ ಡಾಕ್ಟರ್ ಹತ್ತಿರವೋ ಸಿಗುವ ಇಂಜೆಕ್ಷನ್ ಅಲ್ಲ. ಸರ್ಕಾರ ಒಪ್ಪಿದ ಸೆಂಟರಿನಲ್ಲೇ ಆಗಬೇಕು, ಅವರ ಸೀಲ್ ಬೀಳಬೇಕು. ಮುಂಬೈಯ ಸಹಾರದಲ್ಲಿ ಏರ್‌ಪೋರ್ಟಿನ ಹೆಲ್ತ್ ಆಫೀಸ್ ಇದೆ, ಭಾಯಖಳದ (ಬೈಕುಲ್ಲಾ) ಜೆ.ಜೆ. ಆಸ್ಪತ್ರೆ ಇದೆ. ಮುಲುಂಡಿನಿಂದ ನಿಮಗೆ ಭಾಯಖಳವೇ ಸುಲಭ, ಒಂದೇ ಲೋಕಲ್. ಆದರೆ ಸುಮ್ನೆ ಎದ್ದು ಹೋಗಬೇಡಿ. ನಾನು ಉಗಾಂಡಾಕ್ಕೆ ಹೋಗುವಾಗ ಅದೇ ತಪ್ಪು ಮಾಡಿದೆ. ಹನ್ನೊಂದು ಗಂಟೆಗೆ ಒಂದು ಸೆಂಟರಿಗೆ ಹೋದರೆ ಆ ದಿನದ ಲೆಕ್ಕ ಮುಗಿದಿತ್ತು. ಒಂದು ಬಾಟಲಿಯಲ್ಲಿ ಹಲವರಿಗಾಗುವಷ್ಟು ಮದ್ದು ಇರುತ್ತದಂತೆ, ಕಲಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅದಕ್ಕೇ ದಿನ ಗೊತ್ತು ಮಾಡಿ, ಜನ ಲೆಕ್ಕ ಹಾಕಿ ಕರೆಯುತ್ತಾರೆ. ನನಗೆ ಮುಂದಿನ ವಾರ ಸಿಕ್ಕಿತು. ಹತ್ತು ದಿನದ ಲೆಕ್ಕ ತಪ್ಪಿ ಟಿಕೆಟ್ ಮುಂದೆ ಹಾಕಬೇಕಾಯಿತು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪಾಸ್‌ಪೋರ್ಟ್ ಒರಿಜಿನಲ್ ತೆಗೆದುಕೊಂಡು ಹೋಗಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಚಿಕ್ಕಪ್ಪನ ಹೆಸರು ಸೇರಿದೆ, ಆಧಾರಿನಲ್ಲಿ ಅಜ್ಜನ ಹೆಸರು, ಅಲ್ವಾ? ಪುಸ್ತಕದಲ್ಲಿ ಪಾಸ್‌ಪೋರ್ಟಿನಂತೆಯೇ ಬರಬೇಕು. ಹೆಸರು, ನಂಬರ್, ತಾರೀಕು ಅಲ್ಲೇ ಕೌಂಟರಿನಲ್ಲಿ ನಿಂತು ಓದಿ. ಮನೆಗೆ ಬಂದು ನೋಡಿದರೆ ಮತ್ತೆ ಭಾಯಖಳ.

ಈಗ ಚಿಕ್ಕಪ್ಪನ ವಿಷಯ. ಸ್ಪೀಕರ್ ಹಾಕಿದ್ದರೆ ಅವರೂ ಕೇಳಲಿ. ಅವರಿಗೆ 67. ಇದು ಜೀವಂತ ವೈರಸ್ಸನ್ನೇ ಬಲ ತಗ್ಗಿಸಿ ಮಾಡಿದ ಲಸಿಕೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ನನಗೆ ಐದನೇ ದಿನ ಸ್ವಲ್ಪ ಮೈ ಬಿಸಿಯಾಗಿ ಹೋಯಿತು. ಆದರೆ ಅರವತ್ತು ದಾಟಿದವರಿಗೆ, ಅಪರೂಪಕ್ಕಾದರೂ, ದೊಡ್ಡ ತೊಂದರೆ ಆಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಮೊಟ್ಟೆ ಜೋರಾಗಿ ಆಗದವರಿಗೆ ಕೊಡುವುದಿಲ್ಲ. ದೇಹದ ರೋಗ ತಡೆಯುವ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರಿಗೂ ಕೊಡುವುದಿಲ್ಲ. ಚಿಕ್ಕಪ್ಪ ಕೀಲುನೋವಿಗೆ ಸ್ಟೀರಾಯ್ಡ್ ತಗೊಳ್ಳುತ್ತಾರೆ, ನೆನಪಿದೆಯಾ? ಅದನ್ನು ಮುಚ್ಚಿಡಬೇಡಿ. ಮೊದಲು ನಿಮ್ಮ ಡಾಕ್ಟರ್, ಆಮೇಲೆ ಸೆಂಟರ್. ಮುಂಚೆಯೇ ಹೇಳಿದರೆ ಹಾಕಲ್ಲ ಅಂತಾರೆ ಅನ್ನುವ ಭಯಕ್ಕೆ ಬಾಯಿ ಮುಚ್ಚಿಕೊಂಡರೆ ಅನುಭವಿಸುವವರು ಅವರೇ.

ಇನ್ನೊಂದು ತಮಾಷೆ ಕೇಳಿ. ನೈರೋಬಿ, ಮೊಂಬಾಸಾ ಊರುಗಳಲ್ಲೇ ಇದ್ದು ಬರುವವರಿಗೆ ಈ ಲಸಿಕೆ ಸಾಮಾನ್ಯವಾಗಿ ಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕಟ್ಟುನಿಟ್ಟು ನಮ್ಮ ಕಡೆಯದು. ಕೀನ್ಯಾ ಇಡೀ ದೇಶ ನಮ್ಮ ಸರ್ಕಾರದ ಯೆಲ್ಲೋ ಫೀವರ್ ಪಟ್ಟಿಯಲ್ಲಿದೆ. ಪುಸ್ತಕ ಇಲ್ಲದೆ ವಾಪಸ್ ಮುಂಬೈಗೆ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್ ಅಂತ ಬೇರೆಯಾಗಿ ಇಡಬಹುದು. ಅತಿಯಾಯಿತು ಅನಿಸಬಹುದು, ಆದರೆ ಕಾರಣ ಇದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹರಡುತ್ತದೆ. ಆ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಮಳೆಗಾಲದಲ್ಲಿ ನಿಮ್ಮ ಸೊಸೈಟಿಯಲ್ಲೇ ನೋಡಿದಿರಲ್ಲ. ರೋಗ ಮಾತ್ರ ಇಲ್ಲಿಗೆ ಬಂದಿಲ್ಲ. ಆದ್ದರಿಂದ ಚಿಕ್ಕಪ್ಪನಿಗೆ ಚುಚ್ಚುವುದು ಮೇಲೋ, ಆರು ದಿನ ಮೇಲೋ ಅಂತ ಡಾಕ್ಟರ್ ಹತ್ತಿರ ಬಿಚ್ಚಿ ಕೇಳಿ. ನನ್ನನ್ನು ಕೇಳಿದರೆ, ಸ್ಟೀರಾಯ್ಡ್ ಮೇಲೆ ಚುಚ್ಚಿಸುವುದಕ್ಕಿಂತ ಆರು ದಿನ ಇಸ್ಪೀಟು ಆಡಿಕೊಂಡಿರುವುದು ವಾಸಿ.

ಮಾವ ಫಾರ್ವರ್ಡ್ ಮಾಡಿದ ಆ ಏಜೆಂಟ್ ನಂಬರ್ ಇದೆಯಲ್ಲ, ಚುಚ್ಚದೆಯೇ ಪುಸ್ತಕ ಮಾಡಿಕೊಡುತ್ತಾನಂತೆ. ಬೇಡ ಮಾವಾ. ಕಳ್ಳ ಸೀಲು ಹಿಡಿದುಕೊಂಡು ಈ ವಯಸ್ಸಿನಲ್ಲಿ ಆಫೀಸರ್ ಮುಂದೆ ನಿಲ್ಲುವುದು ಯಾರಿಗೆ ಬೇಕು. ದಯವಿಟ್ಟು ಆ ಮೆಸೇಜ್ ಡಿಲೀಟ್ ಮಾಡಿ.

ಪುಣೆ ಭಾವ ಹತ್ತು ವರ್ಷಕ್ಕೊಮ್ಮೆ ಅಂದರು. ಅದು ಹಳೇ ಲೆಕ್ಕ. 2016ರ ಜುಲೈ 11ರಿಂದ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ, ಹಳೇ ಪುಸ್ತಕಕ್ಕೂ ಅದೇ. ಹಾಗಾಗಿ ತಂಗಿ ಮದುವೆಯಾಗಿ ಹೋಗುವಾಗ ಹಾಕಿಸಿಕೊಂಡದ್ದು ಸಾಕು. ನಾಮಕರಣಕ್ಕೆ ಇಲ್ಲಿಗೆ ಬರುವಾಗ ಅವಳು ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ. ಪುಸ್ತಕ ಎಲ್ಲಿಟ್ಟಿದ್ದಾಳೆ ಅಂತ ಮಾತ್ರ ಈಗಲೇ ಹುಡುಕಿಸಿ.

ಹಾಂ, ಮೊಂಬಾಸಾ ಸಮುದ್ರ ನೋಡುವ ಆಸೆ ಇದೆ ಅಂದಿದ್ದಿರಿ. ಈ ಇಂಜೆಕ್ಷನ್ ಮಲೇರಿಯಾ ತಡೆಯುವುದಿಲ್ಲ. ನೈರೋಬಿ ಎತ್ತರದ ಊರು, ಅಲ್ಲಿ ಮಲೇರಿಯಾ ಕಮ್ಮಿ. ಕರಾವಳಿಯಲ್ಲಿ ಹಾಗಲ್ಲ. ಅದಕ್ಕೆ ಹೋಗುವ ಮುಂಚೆಯೇ ಶುರು ಮಾಡುವ ಮಾತ್ರೆ ಇದೆ, ಅದನ್ನೂ ಡಾಕ್ಟರ್ ಹತ್ತಿರ ಕೇಳಿ.

ಚಿಕ್ಕಪ್ಪನಿಗೆ ಸೂಜಿ ಭಯ ಅಂತ ಗೊತ್ತು. ಜೆ.ಜೆ. ಆಸ್ಪತ್ರೆ ಸೇರಿರುವ ಭಾಯಖಳದ ಅದೇ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲ್ಯಾಬ್ ಇಟ್ಟುಕೊಂಡಿದ್ದ ಹಾಫ್ಕಿನ್ ಅನ್ನುವ ವಿಜ್ಞಾನಿ 1897ರ ಜನವರಿ 10ರಂದು ತಾನು ಮಾಡಿದ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಕ್ಯೂನಲ್ಲಿ ಕೂತಾಗ ಈ ಕತೆ ಹೇಳಿ, ಬೈದರೂ ಪರವಾಗಿಲ್ಲ.

ಟ್ರೈನ್ ಬಂತು. ಚಿಕ್ಕಪ್ಪನ ಮಾತ್ರೆ ಚೀಟಿಯ ಫೋಟೋ ನನಗೆ ಬೇರೆಯಾಗಿ ಕಳಿಸಿ, ಗ್ರೂಪಿಗೆ ಬೇಡ. ಯಾವ ದಿನ ಖಾಲಿ ಇದೆ ಅಂತ ನಾಳೆ ಬೆಳಿಗ್ಗೆ ಸೆಂಟರಿಗೆ ನಾನೇ ಫೋನ್ ಮಾಡುತ್ತೇನೆ.