ಅಗೆಯುವ ಮೊದಲು ನೆಲದೊಳಗೆ ಏನಿದೆ ಅಂತ ತಿಳಿಯುವುದು ಹೇಗೆ? ಭೂಭೌತ ಸರ್ವೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾನು ಪುರಾತತ್ವದ ವಿದ್ಯಾರ್ಥಿ. ಒಂದು ಬಯಲಿನಲ್ಲಿ ಹಿಂದೆ ಜನವಸತಿ ಇತ್ತು ಅಂತ ನಮ್ಮ ತಂಡದ ಅಂದಾಜು. ಮೇಲೆ ಮಡಿಕೆ ಚೂರು ಬಿಟ್ಟರೆ ಏನೂ ಇಲ್ಲ. ಜಿಪಿಆರ್ (ನೆಲದೊಳಗೆ ಅಲೆ ಕಳಿಸುವ ರೇಡಾರ್) ತರಿಸಿ, ಎಲ್ಲ ಗೊತ್ತಾಗುತ್ತದೆ ಅಂತ ಸುಮಾರು ಜನ ಹೇಳುತ್ತಿದ್ದಾರೆ. ಅದೊಂದೇ ಸಾಕಾ? ಗೋಡೆ, ಸಮಾಧಿ ಎಲ್ಲ ಸ್ಕ್ರೀನ್ ಮೇಲೆ ಕಾಣುತ್ತದಾ?

ಉತ್ತರ: ಯಾವ ಯಂತ್ರವೂ ಗೋಡೆಯನ್ನು ನೋಡುವುದಿಲ್ಲ. ಅದು ಅಳೆಯುವುದು ವ್ಯತ್ಯಾಸವನ್ನು ಮಾತ್ರ. ಗೋಡೆಗೂ ಸುತ್ತಲಿನ ಮಣ್ಣಿಗೂ ತೇವದಲ್ಲೋ ಕಾಂತಗುಣದಲ್ಲೋ ಸಾಂದ್ರತೆಯಲ್ಲೋ ಫರಕಿದ್ದರೆ ರೀಡಿಂಗ್ ಬದಲಾಗುತ್ತದೆ, ಇಲ್ಲದಿದ್ದರೆ ಇಲ್ಲ. ಮಣ್ಣಿನ ಗೋಡೆ ಅದೇ ಮಣ್ಣಿನಲ್ಲಿ ಹೂತುಹೋಗಿದ್ದರೆ ಎಷ್ಟು ದುಬಾರಿ ಯಂತ್ರ ತಂದರೂ ಏನೂ ಸಿಗದೇ ಇರಬಹುದು. ಹಾಗಾಗಿ ಯಂತ್ರದ ಮಾತು ಆಮೇಲೆ. ಹುಡುಕುತ್ತಿರುವುದು ಏನು, ಮಣ್ಣು ಯಾವ ತರಹದ್ದು, ಎಷ್ಟು ಆಳದಲ್ಲಿ ಇರಬಹುದು, ಇದು ಮೊದಲು ಗೊತ್ತಿರಬೇಕು.

ಜಿಪಿಆರ್ ರೇಡಿಯೋ ಅಲೆಗಳನ್ನು ಕೆಳಗೆ ಕಳಿಸಿ, ಅವು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುತ್ತದೆ. ಒಣ ಮರಳಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಒದ್ದೆ ಜೇಡಿಮಣ್ಣಿನಲ್ಲೋ ಉಪ್ಪಿನ ಅಂಶ ಜಾಸ್ತಿ ಇರುವ ನೆಲದಲ್ಲೋ ಅಲೆ ಅಲ್ಲೇ ಕರಗಿಹೋಗುತ್ತದೆ, ಕೆಳಗಿನ ಸುದ್ದಿಯೇ ಬರುವುದಿಲ್ಲ. ನಿಮ್ಮ ಬಯಲಲ್ಲಿ ಜೇಡಿ ಇದ್ದರೆ ನೆಲದ ಕಾಂತಗುಣ ಅಳೆಯುವ ಮ್ಯಾಗ್ನೆಟೋಮೀಟರ್‌ನಿಂದ ಶುರುಮಾಡಿ.

ಪ್ರಶ್ನೆ: ಮ್ಯಾಗ್ನೆಟೋಮೀಟರ್ ಅಂದರೆ ಕಬ್ಬಿಣ ಹುಡುಕುವುದಲ್ವಾ? ನಮಗೆ ಬೇಕಿರುವುದು ಮನೆ, ಒಲೆ, ಕಂದಕ.

ಉತ್ತರ: ಕಬ್ಬಿಣ ಸಿಗುತ್ತದೆ ನಿಜ, ಆದರೆ ನಮಗೆ ಬೇಕಾದ್ದು ಬೆಂಕಿಯ ಗುರುತು. ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳು ಸಣ್ಣ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಹಳೆಯ ಕಾಂತತ್ವ ಕಳೆದುಕೊಳ್ಳುತ್ತದೆ. ತಣ್ಣಗಾಗುವಾಗ ಆ ಹೊತ್ತಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನೇ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಕುಂಬಾರರ ಆವಿಗೆ, ಕುಲುಮೆ ಇವೆಲ್ಲ ಎದ್ದು ಕಾಣುವುದು ಅದಕ್ಕೇ. 1958ರಲ್ಲಿ ಇಂಗ್ಲೆಂಡಿನ ವಾಟರ್ ನ್ಯೂಟನ್‌ನಲ್ಲಿ ಭೌತವಿಜ್ಞಾನಿ ಮಾರ್ಟಿನ್ ಐಟ್ಕೆನ್ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಹಿಡಿದು ಹೊರಟಾಗ ಸಿಕ್ಕಿದ್ದು ರೋಮನ್ ಕಾಲದ ಆವಿಗೆಯೇ.

ಕಂದಕದ ಕಥೆ ಬೇರೆ. ಒಲೆಯ ಬೆಂಕಿ, ಕೊಳೆಯುವ ಕಸ, ಸೂಕ್ಷ್ಮಜೀವಿಗಳ ಕೆಲಸ ಇವುಗಳಿಂದ ಮೇಲ್ಮಣ್ಣು ಅಡಿಮಣ್ಣಿಗಿಂತ ಸ್ವಲ್ಪ ಜಾಸ್ತಿ ಕಾಂತಗುಣ ಪಡೆದಿರುತ್ತದೆ. ಹಳೆಯ ಕಂದಕದಲ್ಲಿ ಅದೇ ಮಣ್ಣು ತುಂಬಿಕೊಂಡರೆ ಅಲ್ಲಿ ರೀಡಿಂಗ್ ಕೆಲವೇ ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆಯ ಮಾನ) ಏರುತ್ತದೆ. ಭೂಮಿಯ ಕ್ಷೇತ್ರವೇ ಜಾಗಕ್ಕೆ ತಕ್ಕಂತೆ ಸುಮಾರು 25,000ದಿಂದ 65,000 ನ್ಯಾನೋಟೆಸ್ಲಾ ಇರುವಾಗ, ಅದರಲ್ಲಿ ಎರಡು ಮೂರರ ಏರಿಕೆಯನ್ನು ಹಿಡಿಯಬೇಕು! ಅದಕ್ಕೇ ಗ್ರೇಡಿಯೋಮೀಟರ್‌ನಲ್ಲಿ ಎರಡು ಸೆನ್ಸರ್‌ಗಳು ಒಂದರ ಮೇಲೊಂದು ಇರುತ್ತವೆ. ದೂರದ ಏರಿಳಿತ ಎರಡಕ್ಕೂ ಒಂದೇ ತರಹ ತಾಗುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಕಾಲಡಿಯ ವ್ಯತ್ಯಾಸ ಉಳಿಯುತ್ತದೆ.

ಆದ್ದರಿಂದ ಯಂತ್ರ ಹಿಡಿಯುವವರ ಮೈಮೇಲೆ ಕಬ್ಬಿಣ ಇರಲೇಬಾರದು. ಬೆಲ್ಟಿನ ಬಕಲ್, ಕೀಲಿ ಗೊಂಚಲು, ಫೋನು, ಕಬ್ಬಿಣದ ಮುಂಭಾಗದ ಬೂಟು ಎಲ್ಲ ತೆಗೆದಿಟ್ಟು ಹೋಗಿ. ಅಳೆಯುವ ಜಾಗವನ್ನು ಚೌಕಗಳಾಗಿ ಗುರುತಿಸುವ ಗ್ರಿಡ್‌ಗೆ ಮರದ ಅಥವಾ ಪ್ಲಾಸ್ಟಿಕ್ ಗೂಟವೇ ಬಳಸಿ. ತಂತಿ ಬೇಲಿಯ ಹತ್ತಿರದ ರೀಡಿಂಗ್ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ನೆಲದ ಬಂಡೆಯೇ ಬಸಾಲ್ಟ್ ಆಗಿದ್ದರೆ ಬಂಡೆಯ ಕಾಂತತ್ವ ಉಳಿದೆಲ್ಲವನ್ನೂ ಮುಳುಗಿಸಬಹುದು. ಆಗ ವಿದ್ಯುತ್ ರೆಸಿಸ್ಟಿವಿಟಿ, ಅಂದರೆ ನೆಲ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನು ಅಳೆದು ನೋಡಿ: ಕಲ್ಲಿನ ಗೋಡೆ ವಿದ್ಯುತ್ತನ್ನು ತಡೆಯುತ್ತದೆ, ತೇವ ಹಿಡಿದ ಕಂದಕ ಬಿಡುತ್ತದೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ಬಂಡೆ ಎಷ್ಟು ಆಳದಲ್ಲಿದೆ ಅನ್ನುವುದಕ್ಕೂ ಇವೇ ಯಂತ್ರಗಳಾ?

ಉತ್ತರ: ರೆಸಿಸ್ಟಿವಿಟಿ ಆಗುತ್ತದೆ. ನೆಲಕ್ಕೆ ಚುಚ್ಚಿ ವಿದ್ಯುತ್ ಹರಿಸುವ ಎಲೆಕ್ಟ್ರೋಡ್‌ಗಳ ಸಾಲು ಉದ್ದವಾದಷ್ಟೂ ಆಳಕ್ಕೆ ಹೋಗಬಹುದು, ಆದರೆ ಸಣ್ಣ ವಿವರ ಕಳೆದುಹೋಗುತ್ತದೆ. ಇನ್ನೊಂದು ಸೀಸ್ಮಿಕ್ ರಿಫ್ರಾಕ್ಷನ್. ಉಕ್ಕಿನ ತಟ್ಟೆಗೆ ದೊಡ್ಡ ಸುತ್ತಿಗೆಯಿಂದ ಹೊಡೆದು, ಕಂಪನ ನೆಲದಲ್ಲಿ ಸಾಲಾಗಿ ಇಟ್ಟ ಪ್ರತಿ ಕಂಪನ ಹಿಡಿಯುವ ಸೆನ್ಸರ್‌ಗೆ, ಅಂದರೆ ಜಿಯೋಫೋನ್‌ಗೆ ಎಷ್ಟು ಹೊತ್ತಿಗೆ ತಲುಪಿತು ಅಂತ ನೋಡುವುದು. ಸಡಿಲ ಒಣ ಮಣ್ಣಿನಲ್ಲಿ ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್, ನೀರು ತುಂಬಿದ ಮಣ್ಣಿನಲ್ಲಿ ಸುಮಾರು 1,500, ಗಟ್ಟಿ ಗ್ರಾನೈಟ್‌ನಲ್ಲಿ 5,000ದ ಆಸುಪಾಸು. ಒಂದು ಎಚ್ಚರಿಕೆ. ವೇಗದ ಪದರದ ಕೆಳಗೆ ನಿಧಾನದ ಪದರ ಅಡಗಿದ್ದರೆ ಈ ವಿಧಾನಕ್ಕೆ ಅದು ಕಾಣುವುದೇ ಇಲ್ಲ. ಒಂದೆರಡು ಬೋರ್‌ಹೋಲ್ ಮಾಡಿಸಿ ತಾಳೆ ನೋಡದೆ ಅಡಿಪಾಯದ ನಿರ್ಧಾರ ಮಾಡಬೇಡಿ.

ಪ್ರಶ್ನೆ: ಜಿಪಿಆರ್ ರಿಪೋರ್ಟಿನಲ್ಲಿ ಆಳ ಮೀಟರ್‌ನಲ್ಲೇ ಬರೆದಿರುತ್ತಾರಲ್ಲ, ಅದನ್ನು ನಂಬಬಹುದಾ?

ಉತ್ತರ: ವೇಗ ಎಷ್ಟು ಅಂತ ಹಿಡಿದಿದ್ದಾರೆ ಕೇಳಿ. ಯಂತ್ರ ಅಳೆಯುವುದು ಸಮಯ. ಹೋಗಿಬರಲು 40 ನ್ಯಾನೋಸೆಕೆಂಡ್ ಆಯಿತು ಅಂದುಕೊಳ್ಳಿ. ಒಣ ಮರಳಿನಲ್ಲಿ ನ್ಯಾನೋಸೆಕೆಂಡಿಗೆ 15 ಸೆಂಟಿಮೀಟರ್ ಲೆಕ್ಕದಲ್ಲಿ ಅದು 3 ಮೀಟರ್ ಆಳ, ಒದ್ದೆ ಜೇಡಿಯಲ್ಲಿ 6 ಸೆಂಟಿಮೀಟರ್ ಲೆಕ್ಕದಲ್ಲಿ 1.2 ಮೀಟರ್. ಅದೇ ರೀಡಿಂಗ್, ಎರಡು ಆಳ! ಒಂದೊಂದೇ ಕಲ್ಲು, ಪೈಪು ಇರುವ ಕಡೆ ದತ್ತಾಂಶದಲ್ಲಿ ಕೊಡೆಯ ಆಕಾರದ ಬಾಗು ಬರುತ್ತದೆ. ಆ ಬಾಗಿನಿಂದ ವೇಗ ಲೆಕ್ಕ ಹಾಕಬಹುದು. ಹಾಗೆ ಮಾಡಿದ್ದರೆ ರಿಪೋರ್ಟಿನಲ್ಲಿ ಬರೆದಿರಬೇಕು.

ಪ್ರಶ್ನೆ: ಕೊನೆಗೂ ಅಗೆಯಲೇಬೇಕು ಅಂದರೆ ಸರ್ವೆ ಯಾಕೆ ಮೇಡಂ?

ಉತ್ತರ: ಇಡೀ ಬಯಲು ಅಗೆಯುವ ಬದಲು ಎರಡು ಸರಿಯಾದ ಜಾಗದಲ್ಲಿ ಅಗೆಯುವುದಕ್ಕೆ. ಅಗೆದರೆ ನೆಲೆ ನಾಶವಾಗುತ್ತದೆ, ಎಷ್ಟೇ ಜೋಪಾನ ಮಾಡಿದರೂ ಅದನ್ನು ಮತ್ತೆ ಮೊದಲಿನಂತೆ ಇಡಲಾಗದು. ಇಟಲಿಯ ಫಲೇರಿ ನೋವಿ ಎಂಬ ರೋಮನ್ ಊರನ್ನು ನೋಡಿ. ಗೋಡೆಯೊಳಗಿನ 30.5 ಹೆಕ್ಟೇರನ್ನೂ ಜಿಪಿಆರ್‌ನಿಂದ ಅಳೆದು ಕೇಂಬ್ರಿಜ್ ಮತ್ತು ಘೆಂಟ್ ವಿಶ್ವವಿದ್ಯಾಲಯಗಳ ತಂಡ 2020ರಲ್ಲಿ ನಕ್ಷೆ ಪ್ರಕಟಿಸಿತು. ಸ್ನಾನಗೃಹ, ಮಾರುಕಟ್ಟೆ, ದೇವಸ್ಥಾನ, ಕಟ್ಟಡಗಳ ಅಡಿಯಲ್ಲೇ ಹಾದುಹೋಗುವ ನೀರಿನ ಕೊಳವೆಗಳು, ಇಷ್ಟೆಲ್ಲ ಸಿಕ್ಕಿತು. ಇಡೀ ಊರಿನ ಯೋಜನೆ ಹೀಗೆ ಒಟ್ಟಿಗೆ ಸಿಗಬೇಕಾದರೆ ಅಗೆತದಲ್ಲಿ ತಲೆಮಾರುಗಳೇ ಬೇಕಾಗುತ್ತಿದ್ದವು.

ಆದರೆ ಡರಿಂಗ್ಟನ್ ವಾಲ್ಸ್ ಕೂಡ ನೆನಪಿರಲಿ. ಸ್ಟೋನ್‌ಹೆಂಜ್ ಹತ್ತಿರದ ಈ ಜಾಗದಲ್ಲಿ ಸರ್ವೆಯಲ್ಲಿ ಸಾಲಾಗಿ ಗಟ್ಟಿ ವಸ್ತುಗಳು ಕಂಡವು. 2015ರಲ್ಲಿ, ಸುಮಾರು 90 ದೊಡ್ಡ ಕಲ್ಲುಗಳು ಹೂತಿರಬಹುದು ಅಂತ ಸುದ್ದಿಯಾಯಿತು. 2016ರಲ್ಲಿ ಎರಡು ಕಡೆ ಅಗೆದರು, ಒಂದೂ ಕಲ್ಲಿಲ್ಲ. ಮರದ ಕಂಬ ನಿಲ್ಲಿಸಿದ್ದ ಗುಂಡಿಗಳು ಸಿಕ್ಕವು, ಅವುಗಳೊಳಗೆ ಚಾಕ್ ಕಲ್ಲಿನ ಚೂರು ತುಂಬಿತ್ತು. ಯಂತ್ರ ಸರಿಯಾಗಿಯೇ ಅಳೆದಿತ್ತು, ಅಲ್ಲಿ ವ್ಯತ್ಯಾಸ ಇದ್ದೇ ಇತ್ತು. ಅದು ಕಲ್ಲು ಅಂದವರು ಮನುಷ್ಯರು. ಹಾಗಂತ ಸಿಕ್ಕಿದ್ದು ಕಡಿಮೆ ಬೆಲೆಯದ್ದಲ್ಲ, ಮರದ ಕಂಬಗಳ ಅಷ್ಟು ದೊಡ್ಡ ವರ್ತುಲ ಇತ್ತು ಅನ್ನುವುದೇ ದೊಡ್ಡ ವಿಷಯ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು. ಸರ್ವೆ ಮಾಡಿಸಿದ ಮೇಲೆ ಬಣ್ಣದ ನಕ್ಷೆ ಮಾತ್ರ ತೆಗೆದುಕೊಂಡು ಬರಬೇಡಿ. ಕಚ್ಚಾ ದತ್ತಾಂಶದ ಫೈಲು, ಗ್ರಿಡ್ ಮೂಲೆಗಳ ನಿಖರ ಸ್ಥಾನ, ಮಳೆ ಬಂದು ಎಷ್ಟು ದಿನವಾಗಿತ್ತು ಎಂಬ ಟಿಪ್ಪಣಿ, ಈ ಮೂರನ್ನೂ ಕೇಳಿ ಪಡೆಯಿರಿ. ನಾಳೆ ಬೇರೆಯವರು ಅದನ್ನೇ ಇನ್ನೂ ಚೆನ್ನಾಗಿ ಓದಬಹುದು. ನಿಮ್ಮ ಬಯಲಿನ ಮಣ್ಣು ಯಾವುದು ಅಂತ ಇಲ್ಲಿ ಬರೆಯಿರಿ, ಗ್ರಿಡ್ ಅಳತೆ ಮತ್ತು ಸಾಲುಗಳ ಅಂತರದ ಬಗ್ಗೆ ಆಮೇಲೆ ಹೇಳುತ್ತೇನೆ.