ಅಕ್ಕನನ್ನು ಒಕ್ಕಲಿಗೆ ಕರೆದುಕೊಂಡು ಬಾ, ಮಗಾ

ಮಗಾ, ನಿನ್ನ ಮೆಸೇಜು ಈಗಷ್ಟೇ ನೋಡಿದೆ. ಅಮ್ಮನಿಗೆ, ಅಂದರೆ ನನ್ನ ಅಕ್ಕನಿಗೆ, ಮೊಣಕಾಲು ನೋವು, ಪೆರ್ಲದ ಮನೆ ಒಕ್ಕಲಿಗೆ (ಗೃಹಪ್ರವೇಶಕ್ಕೆ) ಬರುವುದು ಬೇಡ, ರೆಸ್ಟ್ ತೆಗೆದುಕೊಳ್ಳಲಿ ಅಂತ ಬರೆದಿದ್ದೀಯ. ಎಕ್ಸ್‌ರೇಯಲ್ಲಿ ಸವೆತ ಸ್ವಲ್ಪವೇ ಇದೆ, ಆದರೂ ದಿನವಿಡೀ ನೋವು ಅನ್ನುತ್ತಾರೆ ಅಂತಲೂ ಬರೆದಿದ್ದೀಯ. ಆ ಮಾತು ನನಗೆ ಬಹಳ ಬೇಜಾರಾಯಿತು.

ಎಕ್ಸ್‌ರೇಗೂ ನೋವಿಗೂ ಯಾವಾಗಲೂ ತಾಳೆ ಆಗುವುದಿಲ್ಲ. ತುಂಬ ಸವೆದರೂ ನೋವಿಲ್ಲದವರಿದ್ದಾರೆ, ಸ್ವಲ್ಪ ಸವೆದು ನಿದ್ದೆಯೇ ಬಾರದವರೂ ಇದ್ದಾರೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವು ಅಂದರೇನು ಅಂತ ಹೊಸದಾಗಿ ಬರೆಯಿತು. ನೋವಿದೆ ಅಂತ ಹೇಳಿದವರ ಮಾತಿಗೆ ಬೆಲೆ ಕೊಡಬೇಕು ಅಂತ ಅದರಲ್ಲೇ ಸೇರಿಸಿದ್ದಾರೆ. 3 ತಿಂಗಳು ದಾಟಿದರೆ ದೀರ್ಘಕಾಲದ ನೋವು ಅನ್ನುತ್ತಾರೆ. ಅಕ್ಕನದ್ದು 4 ವರ್ಷ ಆಯಿತು, ಅಲ್ವಾ?

ಅವಳು 30 ವರ್ಷ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವಳು. ಸೊಂಟ, ಕುತ್ತಿಗೆ ಆಗಲೂ ನೋಯುತ್ತಿತ್ತು. ಆದರೆ ಜಗಲಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಕಟ್ಟುತ್ತಿದ್ದರು, ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಮಾತಾಡುತ್ತಾ ನಡೆದು ಹೋಗುತ್ತಿದ್ದರು. ಈಗ ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಮೀಟಿಂಗಿಗೆ ಯಾಕೆ ಹೋಗುವುದಿಲ್ಲ ಗೊತ್ತಾ? ನೆಲದಲ್ಲಿ ಕೂರಲು ಆಗುವುದಿಲ್ಲ, ಕುರ್ಚಿ ಕೇಳಲು ನಾಚಿಕೆ. ಆಮೇಲೆ ಭಜನೆಯೂ ನಿಂತಿತು. ನೀವೆಲ್ಲ ಕೆಲಸಕ್ಕೆ ಹೋದರೆ ಸಂಜೆವರೆಗೆ ಅವಳು ಮತ್ತು ಆ ಮೊಣಕಾಲು, ಅಷ್ಟೇ. ಒಬ್ಬಳೇ ಕೂತರೆ ಮನಸ್ಸೆಲ್ಲ ನೋವಿನ ಕಡೆಗೇ. ರಾತ್ರಿ ನಿದ್ದೆ ಇಲ್ಲ, ನಿದ್ದೆ ಕೆಟ್ಟರೆ ಮರುದಿನ ಇನ್ನೂ ಜಾಸ್ತಿ. ನಡೆಯುವುದನ್ನು ಬಿಟ್ಟರೆ ತೊಡೆಯ ಸ್ನಾಯು ಸೊರಗುತ್ತದೆ, ಮೊಣಕಾಲಿಗೆ ಆಸರೆ ಕಡಿಮೆಯಾಗುತ್ತದೆ. ಹಾಗಾಗಿ ರೆಸ್ಟೇ ಮದ್ದಲ್ಲ ಮಗಾ. ನೋವು ಏಕಾಏಕಿ ಹೆಚ್ಚಾದರೆ, ಬಾವು ಬಂದರೆ ಡಾಕ್ಟರಿಗೆ ತೋರಿಸಲೇಬೇಕು, ಅದು ಬೇರೆ.

ಮೊನ್ನೆ ನಾನು ಬಂದಾಗ, "ಈಗ ಯಾರೂ ಕರೆಯುವುದೇ ಇಲ್ಲ, ಕಾಲು ನೋವಿನವಳು ಅಂತ ಬಿಟ್ಟಿದ್ದಾರೆ" ಅಂದಳು. ಕಣ್ಣು ತುಂಬಿತ್ತು.

ಒಕ್ಕಲಿನ ಹಿಂದಿನ ಸಂಜೆ ನೆರೆಕರೆಯವರು ತರಕಾರಿ ಕೊರೆಯಲು ಸೇರುತ್ತಾರಲ್ಲ, ಅಲ್ಲಿಗೇ ಕರೆದುಕೊಂಡು ಬಾ. ನೆಲದಲ್ಲಿ ಕೂತು ಕೊರೆಯುವ ಮೆಟ್ಟುಕತ್ತಿ ಬೇಡ. ಒಂದು ಎತ್ತರದ ಕುರ್ಚಿ, ಮೇಜು, ಚೂರಿ ನಾನು ತಯಾರು ಮಾಡಿಸುತ್ತೇನೆ, ಬೇರೆಯವರಿಂದ ದೂರ ಅಲ್ಲ, ನಡುವೆಯೇ. ಕಾರಿನಲ್ಲಿ ಮುಂದಿನ ಸೀಟು ಕೊಡು, ದಾರಿಯಲ್ಲಿ ಒಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸು. ಸುಸ್ತಾದರೆ ಒಳಗಿನ ಕೋಣೆಯಲ್ಲಿ ಮಲಗಲಿ.

ಅವಳಿಗೆ ನೀನು ಏನೂ ಹೇಳಬೇಡ. ನಾನೇ ಇವತ್ತು ಸಂಜೆ ಫೋನ್ ಮಾಡಿ ಕರೆಯುತ್ತೇನೆ.